ಬಿಪಿ ಜಾಸ್ತಿ ಇದ್ದರೆ ಗೊತ್ತಾಗುತ್ತಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನನ್ನ ಕ್ಲಿನಿಕ್‌ಗೆ ಒಬ್ಬರು ಬಂದರು. ಐವತ್ತರ ಆಸುಪಾಸಿನವರು. ಮೆಟ್ಟಿಲು ಹತ್ತಿ ಬಂದವರೇ ಕುರ್ಚಿಯ ತುದಿಯಲ್ಲಿ ಕೂತು ಕೈ ಚಾಚಿದರು. "ಬೇಗ ನೋಡಿಬಿಡಿ ಡಾಕ್ಟ್ರೇ, ಗಾಡಿ ಅಡ್ಡಾದಿಡ್ಡಿ ನಿಲ್ಲಿಸಿ ಬಂದಿದ್ದೀನಿ" ಅಂದರು. ನಾನು ತೋಳಿಗೆ ಪಟ್ಟಿ ಸುತ್ತುವಾಗಲೂ ಫೋನಿನಲ್ಲಿ ಮಾತು ನಡೆದೇ ಇತ್ತು. ಯಂತ್ರ 162 ತೋರಿಸಿತು, ಕೆಳಗಿನದು 96.

ಅದನ್ನು ನಾನು ಬರೆದುಕೊಳ್ಳಲಿಲ್ಲ. ಫೋನ್ ಆಚೆ ಇಡಿಸಿದೆ. ಒಂದು ಸಲ ಮೂತ್ರಕ್ಕೆ ಹೋಗಿಬನ್ನಿ ಅಂದೆ. ಆಮೇಲೆ ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ, ಐದು ನಿಮಿಷ ಸುಮ್ನೆ ಕೂರಿಸಿದೆ. ಈ ಸಲ 146, 92. ಅದೇ ತೋಳು, ಅದೇ ಯಂತ್ರ.

ಯಂತ್ರ ಕೆಟ್ಟಿರಲಿಲ್ಲ. ರಕ್ತದೊತ್ತಡ ಅನ್ನೋದು ಗಳಿಗೆಗೊಂದು ಥರ ಇರುತ್ತದೆ. ಮಾತಾಡಿದರೆ ಏರುತ್ತದೆ, ಮೂತ್ರ ಕಟ್ಟಿಕೊಂಡಿದ್ದರೆ ಏರುತ್ತದೆ, ಕಾಲ ಮೇಲೆ ಕಾಲು ಹಾಕಿದರೂ ಏರುತ್ತದೆ. ತೋಳು ಕೆಳಗೆ ಜೋತುಬಿದ್ದಿದ್ದರೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ, ಇಲ್ಲದ ಬಿಪಿಯನ್ನೂ ಯಂತ್ರ ತೋರಿಸುತ್ತದೆ. ನೋಡಿಸಿಕೊಳ್ಳುವ ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು ಬೇಡ ಅನ್ನೋದೂ ಇದಕ್ಕೇ. ಅವಸರದಲ್ಲಿ ಒಂದೇ ಒಂದು ಸಲ ನೋಡಿ ಜೀವನಪೂರ್ತಿ ಮಾತ್ರೆ ಬರೆದುಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಆದರೂ 146 ಜಾಸ್ತಿಯೇ. ಹಾಗಂದಾಗ ಅವರು ಕೇಳಿದರು: "ನನಗೇನೂ ಆಗ್ತಾನೇ ಇಲ್ವಲ್ಲ ಡಾಕ್ಟ್ರೇ?"

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಪ್ರಶ್ನೆಯ ಬಗ್ಗೆಯೇ. ಬಿಪಿ ಜಾಸ್ತಿ ಇದ್ದರೆ ತಲೆ ನೋಯುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಸಿಟ್ಟು ಬರುತ್ತದೆ ಅಂತೆಲ್ಲ ನಂಬಿದ್ದೇವೆ. ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಏರಿದ ಕೂಡಲೇ ಅವು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ನಮ್ಮ ಅರಿವಿಗೆ ಮಾತ್ರ ತಿಳಿಸುವುದಿಲ್ಲ. ಅಷ್ಟೇ ಅಲ್ಲ, ಒತ್ತಡ ಕೆಲವು ದಿನ ಮೇಲೆಯೇ ನಿಂತರೆ ಅವು ಅದಕ್ಕೇ ಒಗ್ಗಿಕೊಂಡುಬಿಡುತ್ತವೆ. ಕಾವಲುಗಾರನೇ ಕಳ್ಳನನ್ನು ಮನೆಯವನು ಅಂದುಕೊಂಡ ಹಾಗೆ. ಅತ್ತ ಹೃದಯದ ಗೋಡೆ ದಪ್ಪವಾಗುತ್ತಿರುತ್ತದೆ. ಮೂತ್ರಪಿಂಡದ ಸೋಸುಗಗಳು, ಕಣ್ಣಿನ ಹಿಂಪರದೆ, ಮೆದುಳಿನ ಸಣ್ಣ ರಕ್ತನಾಳಗಳು ಸದ್ದಿಲ್ಲದೆ ಸವೆಯುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ವಯಸ್ಕರಿಗೆ ಬಿಪಿ ಇದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ಗೊತ್ತೇ ಇಲ್ಲ.

ಗೊತ್ತಿದ್ದೂ ಏನೂ ಮಾಡಲಾಗದ ಕಾಲವೂ ಇತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಬಿಪಿ 1944ರ ಮಾರ್ಚ್‌ನಲ್ಲಿ 186, 108 ಇತ್ತು. ಮುಂದಿನ ವರ್ಷ ಏಪ್ರಿಲ್ 12ರಂದು ತಲೆನೋವು ಅಂದವರು ಕೂತಲ್ಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವ. ಆಗ ಅವರ ಬಿಪಿ 300 ಮುಟ್ಟಿತ್ತು. ಅಷ್ಟು ದೊಡ್ಡ ಮನುಷ್ಯನಿಗೂ ಕೊಡಲು ಒಂದು ಒಳ್ಳೆ ಮಾತ್ರೆ ಇರಲಿಲ್ಲ. ಮೂತ್ರದಲ್ಲಿ ಉಪ್ಪು ಹೊರಹಾಕಿಸುವ, ನಿತ್ಯ ನುಂಗಬಹುದಾದ ಮಾತ್ರೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಇವತ್ತು ಕೊಡುವ ಇನ್ನೊಂದು ಜಾತಿಯ ಮಾತ್ರೆಯ ಮೂಲ ಸಿಕ್ಕಿದ್ದು ಬ್ರೆಜಿಲ್‌ನ ಒಂದು ಹಾವಿನ ವಿಷದಲ್ಲಿ. ಆ ಹಾವು ಕಚ್ಚಿದವರ ಬಿಪಿ ಧಡಕ್ಕನೆ ಬೀಳುತ್ತಿತ್ತು, ಯಾಕೆ ಅಂತ ಹುಡುಕಿಕೊಂಡು ಹೋದರು. ಹೆದರಬೇಡಿ, ಮಾತ್ರೆಯಲ್ಲಿ ವಿಷ ಇಲ್ಲ!

ಮಾತ್ರೆಗಿಂತ ಮೊದಲು ಉಪ್ಪಿನ ಮಾತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದಷ್ಟು, ಎಲ್ಲ ಸೇರಿ. ಜಗತ್ತು ಸರಾಸರಿ ತಿನ್ನುತ್ತಿರುವುದು ಇದರ ಎರಡು ಪಟ್ಟು. ನಾವು ಕೈಯಾರೆ ಹಾಕುವ ಉಪ್ಪು ಕಾಣುತ್ತದೆ, ಪೊಟ್ಟಣದೊಳಗೆ ಕೂತು ಬರುವುದು ಕಾಣುವುದಿಲ್ಲ. ಪೊಟ್ಟಣದ ಹಿಂದೆ ಉಪ್ಪು ಅಂತ ಬರೆದಿರುವುದಿಲ್ಲ, ಸೋಡಿಯಂ ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು ಒಳ್ಳೆಯದಂತೆ ಅಲ್ವಾ ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಬಣ್ಣ ಬೇರೆ, ಸೋಡಿಯಂ ಅದೇ. ಸ್ವಲ್ಪ ಪೊಟ್ಯಾಸಿಯಂ ಬೆರೆಸಿದ ಉಪ್ಪು ಮಾತ್ರ ನಿಜವಾಗಿ ಬೇರೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ಬಳಸಿದವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮುಟ್ಟಬಾರದು. ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಬಳಸಬೇಕು. ಉಪ್ಪು ಕಡಿಮೆ ಮಾಡಿದರೆ ಊಟ ಸಪ್ಪೆ ಅನ್ನಿಸುವುದು ಕೆಲವು ವಾರ ಅಷ್ಟೇ. ಆಮೇಲೆ ಹಳೇ ರುಚಿಯೇ ಉಪ್ಪುಪ್ಪು ಅನ್ನಿಸುತ್ತದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ತೂಕ ಜಾಸ್ತಿ ಇದ್ದವರು ಒಂದು ಕಿಲೋ ಇಳಿಸಿದರೆ ಬಿಪಿ ಹೆಚ್ಚುಕಡಿಮೆ ಒಂದು ಅಂಕ ಇಳಿಯುತ್ತದೆ. ಕುಡಿತ ಕಡಿಮೆ ಮಾಡಿ, ತಂಬಾಕು ಬಿಡಿ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ ಏಳುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಅದರಿಂದಲೂ ಬಿಪಿ ಏರುತ್ತದೆ.

ಇನ್ನು ಮಾತ್ರೆ. ನನ್ನನ್ನು ತುಂಬ ಗೋಳು ಹುಯ್ದುಕೊಳ್ಳುವ ಮಾತು ಒಂದಿದೆ: "ನಾರ್ಮಲ್ ಬಂತು ಡಾಕ್ಟ್ರೇ, ಅದಕ್ಕೇ ನಿಲ್ಲಿಸಿಬಿಟ್ಟೆ." ನಾರ್ಮಲ್ ಬಂದದ್ದು ಮಾತ್ರೆಯಿಂದ ತಾನೇ! ನಿಲ್ಲಿಸಿದ ಮೇಲೆ ಒತ್ತಡ ಮತ್ತೆ ಏರುತ್ತದೆ, ಏರಿದ್ದು ಗೊತ್ತೂ ಆಗುವುದಿಲ್ಲ. ಮೇಲಿನ ಅಂಕ ಹತ್ತು ಇಳಿದರೆ ಪಾರ್ಶ್ವವಾಯುವಿನ ಅಪಾಯ ಕಾಲು ಭಾಗದಷ್ಟು ತಗ್ಗುತ್ತದೆ. ಆ ಲಾಭವೂ ನಮ್ಮ ಅನುಭವಕ್ಕೆ ಬರುವಂಥದ್ದಲ್ಲ. ಅನುಭವಕ್ಕೆ ಬರುವುದು ಅಡ್ಡ ಪರಿಣಾಮ ಮಾತ್ರ. ಆಮ್ಲೊಡಿಪಿನ್ ತಗೊಂಡ ಕೆಲವರಿಗೆ ಪಾದ ಊದುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್ ಥರದವು ಕೆಲವರಿಗೆ ಒಣಕೆಮ್ಮು ತರುತ್ತವೆ. ಹಾಗಾದರೆ ಬಂದು ಹೇಳಿ, ಬೇರೆ ಮಾತ್ರೆ ಇದೆ. ಗರ್ಭಿಣಿಯರಿಗೆ, ಗರ್ಭಿಣಿ ಆಗಬೇಕು ಅಂದುಕೊಂಡವರಿಗೆ ಕೆಲವು ಬಿಪಿ ಮಾತ್ರೆಗಳು ಆಗಿಬರುವುದಿಲ್ಲ, ಮೊದಲೇ ತಿಳಿಸಿ. ಮತ್ತೆ, ಸೊಂಟನೋವಿಗೆ ಅಂತ ದಿನಾ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್, ಕಟ್ಟಿದ ಮೂಗು ಬಿಡಿಸುವ ಕೆಲವು ನೆಗಡಿ ಮಾತ್ರೆ, ಇವೂ ಬಿಪಿ ಏರಿಸುತ್ತವೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾವೇ ಕೆದಕಿ ಕೇಳಬೇಕು.

ಒಂದು ವೇಳೆ ಯಂತ್ರ 180, 120 ದಾಟಿ ತೋರಿಸಿದರೆ ಕೂತು ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರನ್ನು ಕೇಳಿ. ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಬಾಯಿ ಒಂದು ಕಡೆ ವಾಲುವುದು, ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಒಂದಿದ್ದರೂ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ. ಈ ಲಕ್ಷಣಗಳಿದ್ದರೆ ಯಂತ್ರ ಎಷ್ಟು ತೋರಿಸಿತು ಅನ್ನೋದೂ ಆಮೇಲಿನ ಮಾತು.

ಆ ಗಾಡಿಯವರಿಗೆ ಅವತ್ತು ನಾನು ಮಾತ್ರೆ ಬರೆಯಲಿಲ್ಲ. ಮನೆಯಲ್ಲೇ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ನಿಮಿಷ ಬಿಟ್ಟು ನೋಡಿ ಬರೆದಿಡಿ ಅಂದೆ. ಕ್ಲಿನಿಕ್‌ನಲ್ಲಿ 140, 90 ಆದರೆ ಜಾಸ್ತಿ ಅನ್ನುತ್ತೇವೆ, ಮನೆಯಲ್ಲಿ 135, 85ಕ್ಕೇ ಹಾಗನ್ನಬೇಕು. ಡಾಕ್ಟರ ಮುಂದೆ ಕೂತರೆ ಕೆಲವರಿಗೆ ತಂತಾನೇ ಏರುತ್ತದೆ ನೋಡಿ. ವಾರ ಬಿಟ್ಟು ಬಂದರು. ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಚ್ಚುಕಟ್ಟಾಗಿ ಬರೆದಿದ್ದರು. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆದೆ. 143, 90. ಒಂದು ಮಾತ್ರೆ ಬರೆದುಕೊಟ್ಟೆ. ತಿಂಗಳು ಬಿಟ್ಟು ಇಂಥದ್ದೇ ಪಟ್ಟಿ ತನ್ನಿ, ಗಾಡಿ ಸರಿಯಾಗಿ ನಿಲ್ಲಿಸಿ ಬನ್ನಿ ಅಂದೆ. ನಕ್ಕರು. ಈ ಸಲವೂ ಅಡ್ಡಾದಿಡ್ಡಿಯೇ ನಿಲ್ಲಿಸಿದ್ದರಂತೆ.

ನಮಸ್ಕಾರ.