ಬರೆದು ಕೊಡಿ, ಸೀಲು ಹಾಕಿಸಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಡೇರಿಗೆ ಹಾಲು ಹಾಕಿ ಬಂದು ರೇಡಿಯೋ ಹಚ್ಚಿರುವ ಅಕ್ಕ ತಂಗಿಯರಿಗೆ, ಬೇರೆ ಊರಿಗೆ ದುಡಿಯಲು ಹೋಗಿ ಮೊಬೈಲಿನಲ್ಲಿ ಕೇಳುತ್ತಿರುವ ನಮ್ಮ ಹುಡುಗರಿಗೆ, ನಿಮ್ಮ ಶಾಸಕನ ನಮಸ್ಕಾರ. ಅಧಿವೇಶನದಲ್ಲಿ ಏನಾಯಿತು, ಕ್ಷೇತ್ರದಲ್ಲಿ ಏನು ನಡೆಯುತ್ತಿದೆ ಎಂದು ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ದೊಡ್ಡ ಪಟ್ಟಿಯನ್ನೇ ತಂದಿದ್ದೇನೆ. ಮೊದಲು ಸಂಘದ ಸಾಲದ ವಿಷಯ, ಅಂದರೆ ಮೈಕ್ರೋಫೈನಾನ್ಸ್ ಕಂಪನಿಗಳು ಸಂಘ ಕಟ್ಟಿಸಿ ಕೊಡುವ ಸಣ್ಣ ಸಾಲ, ಅದರ ವಸೂಲಿ ಕಾಟದ ವಿಷಯ ಮುಗಿಸುತ್ತೇನೆ. ಬೆಳಿಗ್ಗೆ ನಮ್ಮ ಮನೆ ಬಾಗಿಲಲ್ಲಿ ನಿಲ್ಲುವವರಲ್ಲಿ ಜಾಸ್ತಿ ಜನ ಇದಕ್ಕೇ ಬರುತ್ತಾರೆ.

2025ರ ಫೆಬ್ರುವರಿಯಲ್ಲಿ ಸರ್ಕಾರ ಇದಕ್ಕೊಂದು ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲ ಸಲ ವಾಪಸ್ ಕಳಿಸಿದರು, ಎರಡನೇ ಸಲ ಸಹಿ ಹಾಕಿದರು. ಮಾರ್ಚ್‌ನಲ್ಲಿ ನಾವು ಮಸೂದೆ ಪಾಸು ಮಾಡಿದೆವು. ಕಾನೂನಿನ ಹೆಸರು ಮಾರುದ್ದ ಇದೆ. ನೀವು ಮೈಕ್ರೋಫೈನಾನ್ಸ್ ಕಾನೂನು ಅನ್ನಿ, ಸಾಕು. ಸಾಲ ವಸೂಲಿಗೆ ಬಂದವರು ನಿಮ್ಮನ್ನು ಹೆದರಿಸುವಂತಿಲ್ಲ. ಹಿಂದೆ ಹಿಂದೆ ಸುತ್ತುವಂತಿಲ್ಲ. ರೌಡಿಗಳನ್ನು ಕಳಿಸುವಂತಿಲ್ಲ. ಸರ್ಕಾರದ ಸವಲತ್ತಿನ ಕಾಗದ ಪತ್ರ ಕಿತ್ತುಕೊಳ್ಳುವಂತಿಲ್ಲ. ತಪ್ಪು ಸಾಬೀತಾದರೆ 6 ತಿಂಗಳಿಂದ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ತಗೊಳ್ಳಲ್ಲ ಎಂದು ಪೊಲೀಸರು ಹೇಳುವಂತೆಯೂ ಇಲ್ಲ.

ಹಾಗಾಗಿ ನನಗೆ ಫೋನ್ ಮಾಡುವ ಮೊದಲು ಠಾಣೆಗೆ ಹೋಗಿ. ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಒಂದು ಪ್ರಸಂಗ ಹೇಳುತ್ತೇನೆ. ಹೋದಲ್ಲೆಲ್ಲ ಇದನ್ನೇ ಹೇಳುತ್ತೇನೆ, ನಮ್ಮ ಮನೆಯವರಿಗೆ ಕೇಳಿ ಕೇಳಿ ಸಾಕಾಗಿದೆ. ನಮ್ಮ ಕ್ಷೇತ್ರದ ಒಂದು ಊರಲ್ಲಿ ಒಬ್ಬರು ಅಜ್ಜಿ. ಮಗಳ ಬಾಣಂತನಕ್ಕೆ ಅಂತ ಒಂದು ಸಂಘದಲ್ಲಿ ಸಾಲ ತಗೊಂಡರು. ಆ ಕಂತು ಕಟ್ಟಲು ಇನ್ನೊಂದು ಸಂಘ. ಅದನ್ನು ಕಟ್ಟಲು ಮತ್ತೊಂದು. ಅಷ್ಟರಲ್ಲಿ ಹಸು ಬತ್ತಿಸಿಕೊಂಡಿತು, ಡೇರಿ ಬಟವಾಡೆ ನಿಂತಿತು, ಕಂತು ತಪ್ಪಿತು. ಒಂದು ರಾತ್ರಿ ಇಬ್ಬರು ಹುಡುಗರು ಬಂದು ಜಗಲಿ ಮೇಲೆ ಕೂತರು. ದುಡ್ಡು ಕೈಗೆ ಬರೋವರೆಗೆ ಏಳಲ್ಲ ಅಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು, ಒಬ್ಬರೂ ಮಾತಾಡಲಿಲ್ಲ. ಹೋಗುವಾಗ ಆ ಹುಡುಗರು ಅಜ್ಜಿಯ ರೇಷನ್ ಕಾರ್ಡ್ ಎತ್ತಿಕೊಂಡು ಹೋದರು.

ಮಾರನೇ ದಿನ ಅಜ್ಜಿ ಠಾಣೆಗೆ ಹೋದರು. ಬಾಯಲ್ಲಿ ಹೇಳಿದರು, ಅತ್ತರು. ಸಾಲ ತಗೊಂಡ ಮೇಲೆ ಕಟ್ಟಬೇಕಲ್ಲಮ್ಮ, ಹೋಗು ಅಂದು ಕಳಿಸಿದರು. ಅಜ್ಜಿ ಬಂದಿದ್ದಕ್ಕೂ ಸಾಕ್ಷಿ ಇಲ್ಲ, ಇವರು ಕಳಿಸಿದ್ದಕ್ಕೂ ಸಾಕ್ಷಿ ಇಲ್ಲ. ಅಲ್ವಾ?

ಅಜ್ಜಿಗೆ ಒಬ್ಬಳು ಮೊಮ್ಮಗಳು, ಒಂಬತ್ತನೇ ಕ್ಲಾಸು. ಆ ಹುಡುಗಿ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆಯಲು ಕೂತಳು. ಶಾಲೆಯಲ್ಲಿ ರಜಾ ಅರ್ಜಿ ಕಲಿಸಿರುತ್ತಾರಲ್ಲ, ಅದೇ ಮಾದರಿ. ಇಂದ, ಗೆ, ವಿಷಯ. ‘ವಿಷಯ: ನಮ್ಮ ರೇಷನ್ ಕಾರ್ಡ್ ವಾಪಸ್ ಕೊಡಿಸುವ ಬಗ್ಗೆ.’ ಅವರು ಬಂದದ್ದು ಎಷ್ಟು ಗಂಟೆಗೆ, ಬೈಕಿನ ನಂಬರ್ ಏನು, ಜಗಲಿ ಮೇಲೆ ಯಾರು ಕೂತಿದ್ದರು, ಎಲ್ಲ ಇತ್ತು. ಅಜ್ಜಿಗೆ ಏನು ಬೈದರು ಅನ್ನುವುದನ್ನು ಒಂದಕ್ಷರ ಬಿಡದೆ ಬರೆದಿದ್ದಳು. ಅದನ್ನು ರೇಡಿಯೋದಲ್ಲಿ ಹೇಳುವಂತಿಲ್ಲ. ಕೊನೆಗೆ ಇನ್‌ಸ್ಪೆಕ್ಟರಿಗೆ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಅಂತ ಸಹಿ! ಪಕ್ಕದಲ್ಲಿ ಅಜ್ಜಿಯ ಹೆಬ್ಬೆಟ್ಟು. ಬಸ್ ಸ್ಟ್ಯಾಂಡಿನಲ್ಲಿ ಒಂದು ಜೆರಾಕ್ಸ್.

ಆ ಹಾಳೆ ಮೇಜಿನ ಮೇಲೆ ಬಿದ್ದ ಮೇಲೆ ಅದೇ ಠಾಣೆಯಲ್ಲಿ ಅಜ್ಜಿಗೆ ಕುರ್ಚಿ ಕೊಟ್ಟರು. ಜೆರಾಕ್ಸಿಗೆ ಸೀಲು ಬಿತ್ತು. ಸಂಜೆಯೊಳಗೆ ರೇಷನ್ ಕಾರ್ಡ್ ಮನೆಗೆ ಬಂತು. ಇದರಲ್ಲಿ ನನ್ನದು ಒಂದು ಫೋನ್ ಕೂಡ ಇಲ್ಲ. ಊರ ಹಬ್ಬಕ್ಕೆ ಹೋದಾಗ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಆ ಜೆರಾಕ್ಸ್ ತೆಗೆದು ತೋರಿಸಿದ ಮೇಲೇ ನನಗೆ ಗೊತ್ತಾಗಿದ್ದು.

ಒಂಬತ್ತನೇ ಕ್ಲಾಸಿನ ಹುಡುಗಿಗೆ ಆಗಿದ್ದು ನಮಗೆ ಆಗಲ್ವಾ? ಡಿಗ್ರಿ ಓದಿದ ಮಕ್ಕಳಿರುವ ಮನೆಯವರೂ ನನ್ನ ಹತ್ತಿರ ಬಂದು, ಸಾರ್ ಒಂದು ಫೋನ್ ಮಾಡಿ ಅನ್ನುತ್ತೀರಿ. ನಾನು ಫೋನ್ ಮಾಡಿದರೆ ಆ ಹುಡುಗ ಒಂದು ವಾರ ಸುಮ್ನಿರುತ್ತಾನೆ, ಆಮೇಲೆ ಮತ್ತೆ ಬರುತ್ತಾನೆ. ಬರೆದು ಕೊಡಿ.

ಅಯ್ಯೋ, ಗಾಜಿನ ಆಚೆಯಿಂದ ಆಗಲೇ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಸಾಲ ಮನ್ನಾ ಆಯ್ತಂತೆ ಎಂದು ಕೆಲವರು ಸುದ್ದಿ ಹಬ್ಬಿಸಿದ್ದಾರೆ. ನಂಬಬೇಡಿ. ಲೈಸೆನ್ಸು, ನೋಂದಣಿ ಇಲ್ಲದವನು ಬಡವರಿಗೆ ಕೊಟ್ಟ ಹಳೇ ಸಾಲ ತೀರಿತು ಅನ್ನುತ್ತದೆ ಕಾನೂನು. ನೋಂದಣಿ ಇರುವ ಕಂಪನಿಯ ಸಾಲ ಕಟ್ಟಲೇಬೇಕು. ಆದರೆ ಅವರಿಗೂ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2022ರದ್ದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ ಜಾಗ ಆಗಿರಬೇಕು. ಅಲ್ಲಿಗೆ ನೀವು ಸತತ ಎರಡು ಸಲ ಬರದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ನಾಲ್ಕನೇ ಸಂಘಕ್ಕೆ ಸಹಿ ಹಾಕುವ ಮೊದಲು ಈ ಲೆಕ್ಕ ಹಾಕಿ, ತಾಯಂದಿರೇ.

ಬೆಂಗಳೂರು, ಮೈಸೂರಿನಲ್ಲಿ ಬೈಕ್ ಮೇಲೆ ಊಟ, ಸಾಮಾನು ತಲುಪಿಸುವ ನಮ್ಮೂರ ಹುಡುಗರಿಗೂ 2025ರಲ್ಲೇ ಒಂದು ಕಾನೂನು ಬಂದಿದೆ. ಆ್ಯಪ್ ಕಂಪನಿಗಳು 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಕಟ್ಟಬೇಕು. ನಿಮ್ಮ ಹೆಸರು ನೋಂದಣಿ ಆಗಿದೆಯಾ, ಕೇಳಿ ನೋಡಿಕೊಳ್ಳಿ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಈ ಸಲ ಶಾಲೆ ಕೊಠಡಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಜಾಸ್ತಿ ಇಟ್ಟಿದ್ದೇನೆ. ಸಮುದಾಯ ಭವನ ಬೇಕು ಅನ್ನುವವರು ದಯವಿಟ್ಟು ಸ್ವಲ್ಪ ತಾಳಿ. ಕಟ್ಟಿರುವ ಭವನಗಳಿಗೇ ಬೀಗ ಬಿದ್ದಿದೆ, ಒಳಗೆ ಮೆಕ್ಕೆಜೋಳ ತುಂಬಿದ್ದೀರಿ.

ಶನಿವಾರ ಬೆಳಿಗ್ಗೆ ಪ್ರವಾಸಿ ಮಂದಿರದಲ್ಲಿ ಇರುತ್ತೇನೆ. ಎಲ್ಲರೂ ಬನ್ನಿ. ಸಂಘದ ಸಾಲದ ವಿಷಯಕ್ಕೆ ಬರುವವರು ಮಾತ್ರ ಸೀಲು ಬಿದ್ದ ಪ್ರತಿ ಹಿಡಿದುಕೊಂಡು ಬನ್ನಿ. ನಮಸ್ಕಾರ.