ಮೊದಲು ಅರ್ಜಿ, ಆಮೇಲೆ ವಿಮಾನ

ಎಲ್ಲರಿಗೂ ನಮಸ್ಕಾರ.

ಬಿಕಾಂ, ಬಿಬಿಎ, ಎಂಕಾಂ ಕೊನೆಯ ವರ್ಷದವರು ಬಂದಿದ್ದೀರಿ. ಅಪ್ಪ ಅಮ್ಮಂದಿರೂ ಬಂದಿದ್ದೀರಿ, ಅದು ನನಗೆ ಇನ್ನೂ ಜಾಸ್ತಿ ಖುಷಿ. ಯಾಕೆಂದರೆ ಸಾಲದ ಕಾಗದಕ್ಕೆ ಸಹಿ ಹಾಕುವವರು ನೀವೇ ಅಲ್ವಾ?

ನಮ್ಮ ಮನೆ ಕಳಸದ ಹತ್ತಿರ. ಸ್ವಲ್ಪ ಅಡಿಕೆ, ಸ್ವಲ್ಪ ರೊಬಸ್ಟಾ ಕಾಫಿ. ನಾನು ಬಿಕಾಂ ಓದಿದ್ದು ಇದೇ ಚಿಕ್ಕಮಗಳೂರಿನಲ್ಲಿ. 2021ರ ಸೆಪ್ಟೆಂಬರಿನಲ್ಲಿ ಫೈನಾನ್ಸ್ ಎಂಎಸ್ಸಿ ಓದಲು ಇಂಗ್ಲೆಂಡಿಗೆ ಹೋದೆ. ಈಗ ಲಂಡನ್ನಿನಲ್ಲಿ ಫಂಡ್ ಅಕೌಂಟಿಂಗ್, ಅಂದರೆ ಹೂಡಿಕೆ ನಿಧಿಗಳ ಲೆಕ್ಕ ನೋಡುವ ಕೆಲಸ. ನಾನು ಎಲ್ಲಿ ಎಡವಿದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಮಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹೋಗುವ ಮೊದಲು ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋಗಿದ್ದೆವು. ಅವರು ಅಪ್ಪಯ್ಯನಿಗೆ ಹೇಳಿದ್ದು ಇಷ್ಟು: 'ಮೊದಲು ಹೋಗಿ ಓದು ಮುಗಿಸಲಿ. ಆಮೇಲೆ ಎರಡು ವರ್ಷದ ವೀಸಾ ಸಿಗುತ್ತದೆ. ನಿಧಾನಕ್ಕೆ ಕೆಲಸ ಹುಡುಕಬಹುದು.' ನಾವು ನಂಬಿದೆವು. ಕೊಪ್ಪದಲ್ಲಿದ್ದ ಸೈಟಿನ ಪತ್ರ ಬ್ಯಾಂಕಿಗೆ ಹೋಯಿತು.

ಇಂಗ್ಲೆಂಡಿನ ದೊಡ್ಡ ಬ್ಯಾಂಕುಗಳು, ಆಡಿಟ್ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವ ರೀತಿಯೇ ಬೇರೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಶುರುವಾಗುವ ಕೆಲಸಕ್ಕೆ ಈ ವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲೇ ಅರ್ಜಿ ತೆಗೆದುಕೊಳ್ಳಲು ಶುರು ಮಾಡುತ್ತಾರೆ. ಎಷ್ಟೋ ಕಡೆ ಕೊನೆಯ ದಿನಾಂಕದವರೆಗೂ ಕಾಯುವುದಿಲ್ಲ. ಸೀಟು ತುಂಬಿದಂತೆ ಬಾಗಿಲು ಹಾಕುತ್ತಾರೆ. ನಮ್ಮ ಎಂಎಸ್ಸಿ ಒಂದೇ ವರ್ಷದ್ದು. ಅಂದರೆ ನೀವು ಸೂಟ್‌ಕೇಸ್ ಹಿಡಿದು ಅಲ್ಲಿ ಇಳಿಯುವ ಹೊತ್ತಿಗೆ ಆ ಓಟ ಶುರುವಾಗಿರುತ್ತದೆ. ಆ ಸೆಪ್ಟೆಂಬರಿನಲ್ಲಿ ನಾನು ರೂಮ್ ಹುಡುಕುತ್ತಿದ್ದೆ, ಕುಕ್ಕರ್ ಕೊಳ್ಳುತ್ತಿದ್ದೆ, ಚಳಿಗೆ ಜಾಕೆಟ್ ನೋಡುತ್ತಿದ್ದೆ. ಜನವರಿಯಲ್ಲಿ ವಿಷಯ ಗೊತ್ತಾಯಿತು. ಆಗ ನೋಡಿದರೆ ನನಗೆ ಬೇಕಿದ್ದ ಬಾಗಿಲುಗಳೆಲ್ಲ ಮುಚ್ಚಿದ್ದವು.

ಓದು ಮುಗಿದ ಮೇಲೆ ಒಂಬತ್ತು ತಿಂಗಳು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ. ಆ ಕೆಲಸದಲ್ಲಿ ಅವಮಾನ ಏನೂ ಇಲ್ಲ. ಆದರೆ ಬಡ್ಡಿ ಓಡುತ್ತಲೇ ಇತ್ತು. ಫೋನಿನಲ್ಲಿ ಅಪ್ಪಯ್ಯ ಯಾವತ್ತೂ ಕೆಲಸದ ಬಗ್ಗೆ ಕೇಳುತ್ತಿರಲಿಲ್ಲ. ಮಳೆ ಎಷ್ಟು ಇಂಚು ಬಂತು ಅಂತ ಹೇಳಿ ಇಡುತ್ತಿದ್ದರು. ಅದನ್ನು ತಡೆದುಕೊಳ್ಳುವುದೇ ಕಷ್ಟವಾಗಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಅರ್ಜಿ ಕೆಲಸ ಇಲ್ಲಿಂದಲೇ ಶುರು ಮಾಡಿ. ಕಾಲೇಜಿನಲ್ಲಿ ಸೀಟು ಖಚಿತವಾದ ತಿಂಗಳಿಂದಲೇ ಮಾಡಿ. ಲೆಕ್ಕ ಬಿಡಿಸುವ ನ್ಯೂಮರಿಕಲ್ ಟೆಸ್ಟ್, ಕ್ಯಾಮೆರಾ ಮುಂದೆ ಉತ್ತರ ಹೇಳುವ ವಿಡಿಯೊ ಇಂಟರ್‌ವ್ಯೂ, ಇವೆರಡನ್ನೂ ಬಾಳೆಹೊನ್ನೂರಿನ ನಿಮ್ಮ ಮನೆಯಲ್ಲೇ ಕೂತು ಅಭ್ಯಾಸ ಮಾಡಬಹುದು.

ಈಗಂತೂ ನಿಯಮ ಇನ್ನೂ ಬಿಗಿ. ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ನನಗೆ ಸಿಕ್ಕ ಗ್ರ್ಯಾಜುಯೇಟ್ ವೀಸಾ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಪಿಎಚ್‌ಡಿ ಮಾಡಿದವರನ್ನು ಬಿಟ್ಟು, ಅದು 18 ತಿಂಗಳು. ಅದು ಮುಗಿದ ಮೇಲೂ ಉಳಿಯಬೇಕಾದರೆ ಕಂಪನಿ ಸ್ಪಾನ್ಸರ್ ಮಾಡಬೇಕು, ಅಂದರೆ ನಿಮ್ಮ ಕೆಲಸದ ವೀಸಾಕ್ಕೆ ಅದು ಜವಾಬ್ದಾರಿ ಹೊರಬೇಕು. 2025ರ ಜುಲೈನಲ್ಲಿ ಅದಕ್ಕೆ ಸಾಮಾನ್ಯವಾಗಿ ಬೇಕಾದ ಸಂಬಳವನ್ನು ವರ್ಷಕ್ಕೆ 41,700 ಪೌಂಡಿಗೆ ಏರಿಸಿದರು. ಆಗಷ್ಟೇ ಓದು ಮುಗಿಸಿದವರಿಗೆ ರಿಯಾಯಿತಿ ಇದೆ, 33,400 ಪೌಂಡ್. ಅದರ ಜೊತೆಗೆ ಒಂದೊಂದು ಹುದ್ದೆಗೂ ಬೇರೆ ದರ ಇದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಸಂಬಳ ಕೊಡಲೇಬೇಕು. ಇದರ ಅರ್ಥ ಏನು? 27,000 ಪೌಂಡ್ ಕೊಡುವ ಸಣ್ಣ ಅಕೌಂಟ್ಸ್ ಆಫೀಸು ನಿಮ್ಮನ್ನು ಎಷ್ಟೇ ಮೆಚ್ಚಿಕೊಂಡರೂ ಆಮೇಲೆ ಉಳಿಸಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಮೊದಲ ದಿನವೇ ವಿಚಾರಿಸಿ. ಸ್ಪಾನ್ಸರ್ ಮಾಡಲು ಪರವಾನಗಿ ಇರುವ ಕಂಪನಿಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಯಾರಿಗೂ ಒಂದು ರೂಪಾಯಿ ಕೊಡಬೇಕಿಲ್ಲ.

ದುಬೈ ಬಗ್ಗೆ ತುಂಬಾ ಜನ ಕೇಳುತ್ತೀರಿ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಓದಿಗೆ ಸಾಲ ಮಾಡಬೇಕಿಲ್ಲ, ಅದು ಒಳ್ಳೆಯದೇ. ಆದರೆ ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಕೆಲಸಕ್ಕೆ ಸೇರಿಸಿಕೊಳ್ಳುವ ಖರ್ಚನ್ನು ನೌಕರನಿಂದ ವಸೂಲಿ ಮಾಡುವ ಹಾಗೂ ಇಲ್ಲ. ಕೆಲಸ ಕೊಡಿಸುತ್ತೇನೆ ಅಂತ ಲಕ್ಷಗಟ್ಟಲೆ ಕೇಳಿದವರಿಗೆ ಕೈ ಮುಗಿದು ಎದ್ದು ಬನ್ನಿ.

ನನ್ನ ತಮ್ಮ ಈ ಪ್ರಶ್ನೆ ಕೇಳಿದರೆ ನಾನು ತೋರಿಸುವ ದಾರಿ ಬೆಂಗಳೂರು. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್, ನಾರ್ದರ್ನ್ ಟ್ರಸ್ಟ್, ಇಂಥ ವಿದೇಶಿ ಹಣಕಾಸು ಕಂಪನಿಗಳ ಆಫೀಸುಗಳು ಅಲ್ಲಿವೆ. ನಾನು ಲಂಡನ್ನಿನಲ್ಲಿ ಮಾಡುವ ಥರದ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತದೆ. ಎರಡು ಮೂರು ವರ್ಷ ಅಲ್ಲಿ ದುಡಿಯಿರಿ. ಜೊತೆಗೆ ಅಕೌಂಟಿಂಗ್ ವೃತ್ತಿಯ ಎಸಿಸಿಎ ಅಥವಾ ಹೂಡಿಕೆ ವೃತ್ತಿಯ ಸಿಎಫ್‌ಎ ಪರೀಕ್ಷೆ ಕಟ್ಟಿ. ಎಸಿಸಿಎಯಲ್ಲಿ ಬಿಕಾಂ ಮಾಡಿದವರಿಗೆ ಕೆಲವು ಪೇಪರುಗಳಿಂದ ವಿನಾಯಿತಿ ಸಿಗುತ್ತದೆ. ಸಿಎಫ್‌ಎ ಮೂರು ಹಂತದ್ದು. ಆಮೇಲೆ ಕಂಪನಿಯ ಒಳಗಿಂದಲೇ ವಿದೇಶದ ಆಫೀಸಿಗೆ ವರ್ಗ ಕೇಳಿ. ಎಲ್ಲರಿಗೂ ಸಿಗುತ್ತದೆ ಅಂತ ಹೇಳಲಾರೆ. ಸಿಗದಿದ್ದರೂ ಕೈಯಲ್ಲಿ ಅನುಭವ ಇರುತ್ತದೆ, ತಲೆಯ ಮೇಲೆ ಸಾಲ ಇರುವುದಿಲ್ಲ.

ಇನ್ನು ಇಂಟರ್‌ವ್ಯೂ. ಇದನ್ನು ಹೇಳಲೆಂದೇ ನಾನು ಮುಖ್ಯವಾಗಿ ಬಂದಿದ್ದು.

ನಮ್ಮ ಮಕ್ಕಳಿಗೆ ಒಂದು ಹೆದರಿಕೆ ಇದೆ. ನಾವು ಹಳ್ಳಿಯವರು, ಫೈನಾನ್ಸ್ ಅಂದರೆ ಮುಂಬೈ ಹುಡುಗರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ ಅಂತ. ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ನಮ್ಮ ಕಡೆ ಮನೆ ಮನೆಯಲ್ಲೂ ಏನು ಮಾಡುತ್ತಾರೆ ಹೇಳಿ? ಫೋನ್ ತೆಗೆದು ಲಂಡನ್ ಮಾರ್ಕೆಟ್ ನೋಡುತ್ತಾರೆ. ರೊಬಸ್ಟಾ ವಾಯಿದಾ ವ್ಯಾಪಾರ, ಅಂದರೆ ಮುಂದೆ ಕೊಡುವ ಸರಕಿಗೆ ಈಗಲೇ ಬೆಲೆ ಗೊತ್ತು ಮಾಡುವ ವ್ಯಾಪಾರ, ನಡೆಯುವುದು ಲಂಡನ್ನಿನಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಇನ್ನೊಂದು ಜಾತಿಯ ಕಾಫಿ ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ, ಪೌಂಡ್ ತೂಕಕ್ಕೆ ಇಷ್ಟು ಸೆಂಟ್ ಅಂತ. ಅದನ್ನು ರೂಪಾಯಿಗೆ ತಿರುಗಿಸಿ, ಔಟ್‌ಟರ್ನ್ (ಒಣಗಿಸಿದ ಕಾಫಿಯಿಂದ ಸಿಗುವ ಬೇಳೆಯ ಪ್ರಮಾಣ) ಹಿಡಿದು, 50 ಕೆಜಿ ಮೂಟೆಗೆ ಎಷ್ಟು ಬೀಳುತ್ತದೆ ಅಂತ ನಿಮ್ಮ ಅಜ್ಜ ಬಾಯಲ್ಲೇ ಲೆಕ್ಕ ಹಾಕುತ್ತಾರೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಗಟ್ಟುವ ಚಳಿಗೆ ಕಾಫಿ ಗಿಡ ಸುಟ್ಟು ಬೆಲೆ ಏರಿತ್ತು. 2000ದ ಆಚೀಚೆ ಬೆಲೆ ನೆಲ ಕಚ್ಚಿತ್ತು. ಈ ಕಥೆಗಳನ್ನು ಕೇಳಿಕೊಂಡೇ ಬೆಳೆದಿದ್ದೀರಿ.

ನನಗೆ ಕೊನೆಗೆ ಕೆಲಸ ಕೊಟ್ಟ ಇಂಟರ್‌ವ್ಯೂನಲ್ಲಿ ಕೇಳಿದ್ದು ಇದು: ರಿಸ್ಕ್ ಅಂದರೆ ಏನು, ನೀವು ಕಣ್ಣಾರೆ ಕಂಡ ಉದಾಹರಣೆ ಕೊಡಿ. ನಾನು ಅಪ್ಪಯ್ಯನ ಗೋಡೌನ್ ಬಗ್ಗೆ ಹೇಳಿದೆ. ಬೆಲೆ ಏರಬಹುದು ಅಂತ ಮೂಟೆ ಇಟ್ಟುಕೊಂಡು ಕೂರುವುದು, ಅಷ್ಟರಲ್ಲಿ ಬೆಲೆ ಇಳಿಯುವುದು, ಒಮ್ಮೊಮ್ಮೆ ಡಾಲರ್ ಏರಿ ಆ ನಷ್ಟವನ್ನು ಸ್ವಲ್ಪ ತುಂಬುವುದು. ಆ ಮೂಟೆಗಳಿಗೆ ಬೆಲೆ ಗೊತ್ತು ಮಾಡುವುದು ನಾನು ಕೂತಿದ್ದ ಅದೇ ಲಂಡನ್ನಿನ ಮಾರುಕಟ್ಟೆ ಅಂತಲೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಹತ್ತು ನಿಮಿಷ ಅದನ್ನೇ ಕೇಳಿದರು. ನನ್ನ ಪುಸ್ತಕದ ಉತ್ತರಗಳಿಗೆ ಅಲ್ಲಿಯವರೆಗೆ ಯಾರೂ ತಲೆ ಎತ್ತಿಯೂ ನೋಡಿರಲಿಲ್ಲ.

ಬಯೋಡೇಟಾ ಬಗ್ಗೆ ಒಂದು ಮಾತು. ಫೋಟೊ, ತಂದೆಯ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಬ್ರಿಟನ್ನಿನಲ್ಲಿ ಇದ್ಯಾವುದೂ ಬೇಡ. ಒಂದೋ ಎರಡೋ ಪುಟ ಸಾಕು. ತೋಟದ ಲೆಕ್ಕ ಬರೆದಿದ್ದರೆ, ಸಹಕಾರ ಸಂಘದ ಆಡಿಟ್‌ಗೆ ಕೈ ಜೋಡಿಸಿದ್ದರೆ, ಅದನ್ನು ಬರೆಯಿರಿ. ಮುಚ್ಚಿಡಬೇಡಿ.

ನಾನು ಇವತ್ತು ಸಂಜೆ ಆರರವರೆಗೂ ಇಲ್ಲೇ ಇರುತ್ತೇನೆ. ಬಯೋಡೇಟಾ ತಂದಿರುವವರು ಆ ಕಿಟಕಿ ಪಕ್ಕದ ಮೇಜಿಗೆ ಬನ್ನಿ. ಕನ್ಸಲ್ಟೆಂಟಿಗೆ ಆಗಲೇ ಮುಂಗಡ ಕೊಟ್ಟಿರುವ ಅಪ್ಪ ಅಮ್ಮಂದಿರು ಇದ್ದರೆ, ದಯವಿಟ್ಟು ರಸೀದಿ ಸಮೇತ ನೀವೇ ಮೊದಲು ಬನ್ನಿ.