ಆ ಒಂದು 'ಎನ್' ಅಕ್ಷರ

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಹೊರಡುವಾಗ ನಮ್ಮ ಮನೆಯ ಮಾತ್ರೆ ಡಬ್ಬಿಯಿಂದ ನಾಲ್ಕು ಸ್ಟ್ರಿಪ್ ಜೇಬಿಗೆ ಹಾಕಿಕೊಂಡು ಬಂದೆ. ಹೆದರಬೇಡಿ, ಬೇಕಾದವಕ್ಕೆಲ್ಲ ಚೀಟಿ ಇದೆ.

ಮೊದಲನೆಯದು ಪ್ಯಾರಾಸಿಟಮಾಲ್. ಹಿಂದೆ ತಿರುಗಿಸಿದರೆ ಹೆಸರು, ಬೆಲೆ, ತಾರೀಕು, ಅಷ್ಟೇ. ಎರಡನೆಯದು ನನ್ನ ಬಿಪಿ ಮಾತ್ರೆ. ಇದರ ಮೇಲೆ 'ಆರ್‌ಎಕ್ಸ್' ಅಂತ ಗುರುತಿದೆ. ಇದು ಶೆಡ್ಯೂಲ್ ಎಚ್, ಅಂದರೆ ವೈದ್ಯರ ಚೀಟಿ ಬೇಕು. ಮೂರನೆಯದು ಲೆವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್. ಅದೇ ಗುರುತು, ಆದರೆ ಕೆಂಪು ಬಣ್ಣದಲ್ಲಿ. ಜೊತೆಗೆ ಕೆಂಪು ಚೌಕದೊಳಗೆ ಒಂದು ಎಚ್ಚರಿಕೆ. ಇದು ಶೆಡ್ಯೂಲ್ ಎಚ್1. ನಾಲ್ಕನೆಯದು ಅಮ್ಮನ ಟ್ರಮಡಾಲ್. ಮಂಡಿ ಆಪರೇಷನ್ ಆದಾಗ ಬರೆದುಕೊಟ್ಟದ್ದು. ಇದರ ಮೇಲೆ 'ಎನ್‌ಆರ್‌ಎಕ್ಸ್' ಅಂತ ಇದೆ. ಆ ಒಂದು 'ಎನ್' ಅಕ್ಷರದ ಬಗ್ಗೆ ಇವತ್ತು ಮಾತಾಡೋಣ.

ನಾನು ವಕೀಲನಲ್ಲ, ಔಷಧದ ಅಂಗಡಿ ಇಟ್ಟುಕೊಂಡವನು. ಕೌಂಟರಿನ ಈಚೆಯಿಂದ ಕಾನೂನು ಹೇಗೆ ಕಾಣುತ್ತದೆ ಅನ್ನುವುದಷ್ಟೇ ನನಗೆ ಗೊತ್ತು.

ಪ್ಯಾರಾಸಿಟಮಾಲಿಗೆ ಯಾರಿಗೂ ಚಟ ಹತ್ತುವುದಿಲ್ಲ. ಹೆರಾಯಿನ್ ಅಂಗಡಿಗೆ ಬರುವುದೇ ಇಲ್ಲ. ತಲೆನೋವು ಇರುವುದು ಇವೆರಡರ ನಡುವಿನವುಗಳದ್ದು. ಆಪರೇಷನ್ ನೋವಿಗೆ ಟ್ರಮಡಾಲ್, ಗಾಬರಿಗೆ ಆಲ್‌ಪ್ರಜೋಲಮ್, ಒಣಕೆಮ್ಮಿಗೆ ಕೊಡೀನ್ ಸಿರಪ್. ರೋಗಿಗೆ ಬೇಕು. ಜಾಸ್ತಿ ದಿನ ತೆಗೆದುಕೊಂಡರೆ ಬಿಡುವುದು ಕಷ್ಟ. ಇಂಥವನ್ನು ಕಾನೂನು ಯಾವ ಗೂಡಿನಲ್ಲಿ ಇಡಬೇಕು?

ಅಮೆರಿಕದವರು ಇದಕ್ಕೆ ಏಣಿ ಕಟ್ಟಿದ್ದಾರೆ. 1970ರ ಅವರ ಕಾನೂನಿನಲ್ಲಿ ಐದು ಮೆಟ್ಟಿಲು. ಮೂರನೇ ಮೆಟ್ಟಿಲಿನ ವಿವರಣೆಯಲ್ಲಿ ದೈಹಿಕ ಅವಲಂಬನೆ 'ಮಧ್ಯಮ ಅಥವಾ ಕಡಿಮೆ' ಎಂದೇ ಬರೆದಿದೆ. ಅರಿವಳಿಕೆಯ ಕೆಟಮಿನ್, ನೋವಿನ ಔಷಧ ಬ್ಯುಪ್ರೆನಾರ್ಫಿನ್, ಕೊಡೀನ್ ಬೆರೆಸಿದ ಪ್ಯಾರಾಸಿಟಮಾಲ್ ಎಲ್ಲ ಅಲ್ಲಿವೆ. ಒಂದು ಚೀಟಿಯ ಮೇಲೆ ಆರು ತಿಂಗಳೊಳಗೆ ಐದು ಸಲದವರೆಗೆ ಮತ್ತೆ ಪಡೆಯಬಹುದು. ಮೆಟ್ಟಿಲು ತಪ್ಪಾಯಿತು ಅನ್ನಿಸಿದರೆ ಬದಲಾಯಿಸುತ್ತಾರೆ. ಹೈಡ್ರೋಕೊಡೋನ್ ಬೆರೆತ ನೋವಿನ ಮಾತ್ರೆಗಳನ್ನು 2014ರ ಅಕ್ಟೋಬರಿನಲ್ಲಿ ಮೂರರಿಂದ ಎರಡಕ್ಕೆ ಬಿಗಿ ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಟ್ರಮಡಾಲ್ ನಾಲ್ಕನೇ ಮೆಟ್ಟಿಲಿಗೆ ಬಂತು.

ನಮ್ಮಲ್ಲಿ ಇಂಥ ಏಣಿ ಇಲ್ಲ. ಎರಡು ಬೇರೆ ಬೇರೆ ಕಾನೂನುಗಳಿವೆ. 1940ರ ಔಷಧ ಕಾನೂನು ಅಂಗಡಿಯವನಿಗೆ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾನೂನು ಪೊಲೀಸರಿಗೆ. ಸ್ಟ್ರಿಪ್ ಮೇಲಿನ ಆ 'ಎನ್' ಹೇಳುವುದು, ಈ ಮಾತ್ರೆ ಈ ಎರಡನೇ ಕಾನೂನಿನೊಳಗೂ ಇದೆ ಎಂದು. ಒಂದೇ ಮಾತ್ರೆ ಎರಡರಲ್ಲೂ ಇರಬಹುದು.

ಅಂಗಡಿಯ ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. ಎಚ್1 ಪಟ್ಟಿ ಜಾರಿಗೆ ಬಂದದ್ದು 2014ರ ಮಾರ್ಚ್ 1ರಂದು, 46 ಔಷಧಗಳೊಂದಿಗೆ. ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು, ಮೂರು ವರ್ಷ ಕಾಪಾಡಬೇಕು. ಆ ಪಟ್ಟಿಯಲ್ಲಿ ನಿದ್ದೆ ಮಾತ್ರೆ ಜೋಲ್‌ಪಿಡೆಮ್ ಇದೆ, ಕ್ಷಯದ ಮಾತ್ರೆ ಐಸೊನಯಾಜಿಡ್ ಕೂಡ ಇದೆ. ಒಂದಕ್ಕೆ ಚಟದ ಭಯ, ಇನ್ನೊಂದಕ್ಕೆ ಮದ್ದಿಗೆ ಬಗ್ಗದ ರೋಗಾಣುವಿನ ಭಯ. ಎರಡೂ ಒಂದೇ ಪುಸ್ತಕದಲ್ಲಿ! ಇದಕ್ಕಿಂತ ಬಿಗಿಯಾದದ್ದು ಶೆಡ್ಯೂಲ್ ಎಕ್ಸ್. ಅಲ್ಲಿ ಚೀಟಿ ಎರಡು ಪ್ರತಿ ಬೇಕು, ಔಷಧ ಬೀಗದೊಳಗೆ ಇರಬೇಕು.

ಇಲ್ಲಿ ತಪ್ಪಾದರೆ ಇನ್‌ಸ್ಪೆಕ್ಟರ್ ಬರುತ್ತಾರೆ, ನೋಟಿಸ್ ಬರುತ್ತದೆ, ಲೈಸೆನ್ಸಿಗೆ ಕುತ್ತು ಬರಬಹುದು. 'ಎನ್' ಅಕ್ಷರ ಸೇರಿದ ಮೇಲೆ ಕಥೆಯೇ ಬೇರೆ.

ಎನ್‌ಡಿಪಿಎಸ್‌ನಲ್ಲಿ 'ಮಧ್ಯಮ' ಅನ್ನುವ ಮಾತು ಔಷಧಕ್ಕಿಲ್ಲ. ಅದು ಇರುವುದು ತೂಕಕ್ಕೆ. 2001ರ ತಿದ್ದುಪಡಿಯಲ್ಲಿ ಪ್ರತಿಯೊಂದು ವಸ್ತುವಿಗೂ 'ಸಣ್ಣ ಪ್ರಮಾಣ', 'ವಾಣಿಜ್ಯ ಪ್ರಮಾಣ' ಎಂದು ಎರಡು ಗೆರೆ ಎಳೆದರು. ಸಣ್ಣದಾದರೆ ಒಂದು ವರ್ಷದವರೆಗೆ ಜೈಲು. ವಾಣಿಜ್ಯವಾದರೆ ಕನಿಷ್ಠ 10 ವರ್ಷ, ಗರಿಷ್ಠ 20, ಜೊತೆಗೆ ಕನಿಷ್ಠ ಒಂದು ಲಕ್ಷ ದಂಡ. ಜಾಮೀನು ಸಿಗುವುದೂ ಬಹಳ ಕಷ್ಟ. ನಡುವಿನದಕ್ಕೆ 10 ವರ್ಷದವರೆಗೆ.

ಈಗ ಗೆರೆಗಳನ್ನು ನೋಡಿ. ಹೆರಾಯಿನ್‌ಗೆ ಸಣ್ಣದು 5 ಗ್ರಾಂ, ವಾಣಿಜ್ಯ 250 ಗ್ರಾಂ. ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ ಈ ಕಾನೂನಿನೊಳಗೆ ಬಂತು. ಅದಕ್ಕೂ 5 ಮತ್ತು 250, ಅದೇ ಗೆರೆ. ಆಲ್‌ಪ್ರಜೋಲಮ್‌ಗೆ ವಾಣಿಜ್ಯ ಪ್ರಮಾಣ 100 ಗ್ರಾಂ. ಅಂದರೆ ಹೆರಾಯಿನ್‌ಗಿಂತ ಕಡಿಮೆ!

ಇದು ಬರೀ ಪುಡಿಯ ಲೆಕ್ಕವಾಗಿದ್ದರೆ ಒಪ್ಪಬಹುದಿತ್ತೇನೋ. ಆಲ್‌ಪ್ರಜೋಲಮ್ ಅಷ್ಟು ತೀಕ್ಷ್ಣ, ಅರ್ಧ ಮಿಲಿಗ್ರಾಂ ಸಾಕು. ಆದರೆ ಅರ್ಧ ಮಿಲಿಗ್ರಾಂ ಪುಡಿಯನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಅದಕ್ಕೇ ಕಂಪನಿಯವರು ಪಿಷ್ಟ, ಲ್ಯಾಕ್ಟೋಸ್ ಸೇರಿಸಿ ಮಾತ್ರೆ ಮಾಡುತ್ತಾರೆ. ಹಾಗಾದರೆ ತಕ್ಕಡಿಗೆ ಹಾಕಬೇಕಾದದ್ದು ಯಾವುದು, ಒಳಗಿನ ಔಷಧವೋ ಇಡೀ ಮಾತ್ರೆಯೋ?

2008ರಲ್ಲಿ ಸುಪ್ರೀಂ ಕೋರ್ಟ್ ಮೈಕೆಲ್ ರಾಜ್ ಪ್ರಕರಣದಲ್ಲಿ ಒಳಗಿನದ್ದು ಮಾತ್ರ ಎಂದಿತು. 2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಬೆರೆಸಿದ್ದೆಲ್ಲ ಸೇರಿ ತೂಗಬೇಕು ಎಂದಿತು. ಬೀದಿಯಲ್ಲಿ ಮಾರುವವನು ಶುದ್ಧ ಹೆರಾಯಿನ್ ಮಾರುವುದಿಲ್ಲ, ಕಲಬೆರಕೆಯನ್ನೇ ಮಾರುತ್ತಾನೆ, ಆ ಕಲಬೆರಕೆಯೇ ಜನರನ್ನು ಹಾಳು ಮಾಡುವುದು ಎಂಬ ವಾದ. ಹೆರಾಯಿನ್ ಮಟ್ಟಿಗೆ ಅದು ಸರಿಯೇ. ಮಾತ್ರೆಯ ಲೆಕ್ಕ ಹಾಕಿ. 100 ಗ್ರಾಂ ಶುದ್ಧ ಆಲ್‌ಪ್ರಜೋಲಮ್ ಬೇಕೆಂದರೆ ಅರ್ಧ ಮಿಲಿಗ್ರಾಂನ ಎರಡು ಲಕ್ಷ ಮಾತ್ರೆ ಸೇರಿಸಬೇಕು. ಇಡೀ ಮಾತ್ರೆ ತೂಗಿದರೆ? ಒಂದರ ತೂಕ 100 ಮಿಲಿಗ್ರಾಂ ಎಂದುಕೊಳ್ಳಿ, ಸಾವಿರ ಮಾತ್ರೆ ಸಾಕು. ನೂರು ಸ್ಟ್ರಿಪ್. ಒಂದು ಚಿಕ್ಕ ರಟ್ಟಿನ ಡಬ್ಬ. ಶಿಕ್ಷೆ ಏರಿದ್ದು ಲ್ಯಾಕ್ಟೋಸ್‌ನಿಂದ, ಅಲ್ವಾ?

ಕೊಡೀನ್ ಸಿರಪ್ಪಿನದು ಇನ್ನೂ ವಿಚಿತ್ರ. 1985ರ ಅಧಿಸೂಚನೆಯಲ್ಲೇ ಒಂದು ವಿನಾಯಿತಿ ಇದೆ. ಬೇರೆ ಔಷಧದ ಜೊತೆ ಬೆರೆತು, ಒಂದು ಡೋಸಿನಲ್ಲಿ 100 ಮಿಲಿಗ್ರಾಂ ಮೀರದೆ, ದ್ರವದಲ್ಲಿ ಶೇಕಡಾ 2.5 ಮೀರದೆ ಇದ್ದು, ಚಿಕಿತ್ಸೆಯಲ್ಲಿ ರೂಢಿಯಲ್ಲಿದ್ದರೆ ಅದು ಮಾದಕ ವಸ್ತುವಲ್ಲ. ಸಾಮಾನ್ಯ ಸಿರಪ್ಪಿನಲ್ಲಿ 5 ಎಂಎಲ್‌ಗೆ 10 ಮಿಲಿಗ್ರಾಂ, ಶೇಕಡಾ 0.2 ಮಾತ್ರ. ಆದರೆ ಕಾಗದವಿಲ್ಲದೆ ಲಾರಿಯಲ್ಲಿ ಹೊರಟರೆ? 2012ರಲ್ಲಿ ಅಸ್ಸಾಂನ ಅಂಥದೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಡಲಿಲ್ಲ. ಇದು ಚಿಕಿತ್ಸೆಗೇ ಹೋಗುತ್ತಿತ್ತು ಎಂದು ತೋರಿಸಿ ಎಂದಿತು. ವಿನಾಯಿತಿ ತಪ್ಪಿತೆಂದರೆ ಕೊಡೀನ್‌ನ ವಾಣಿಜ್ಯ ಗೆರೆ 1 ಕೆಜಿ. ಬಾಟಲಿಯೊಳಗಿನ ಸಕ್ಕರೆ ಪಾಕವನ್ನೂ ತೂಗಿದರೆ 100 ಎಂಎಲ್‌ನ ಹತ್ತು ಬಾಟಲಿಗೆ ಆ ಗೆರೆ ಮುಟ್ಟುತ್ತದೆ. ಅವೇ ಹತ್ತು ಬಾಟಲಿ. ಬಿಲ್ ಇದ್ದರೆ ಕೆಮ್ಮಿನ ಔಷಧ, ಇಲ್ಲದಿದ್ದರೆ ಹತ್ತು ವರ್ಷ.

ದುರುಪಯೋಗ ಸುಳ್ಳೇನಲ್ಲ. ಖಾಲಿ ಸಿರಪ್ ಬಾಟಲಿಗಳನ್ನು ನಮ್ಮ ಅಂಗಡಿಯ ಹಿಂದಿನ ಚರಂಡಿಯಿಂದ ನಾನೇ ಎತ್ತಿದ್ದೇನೆ. ನನ್ನ ತಕರಾರು ಬೇರೆ. ಒಂದನ್ನು ಬಿಗಿ ಮಾಡಿದರೆ ಪಕ್ಕದ್ದು ಸಡಿಲವಾಗಿ ಉಳಿಯುತ್ತದೆ. ಟ್ರಮಡಾಲ್‌ಗೆ 'ಎನ್' ಬಿದ್ದ ಮೇಲೆ ಅದರ ತಮ್ಮನಂಥ ಟ್ಯಾಪೆಂಟಡಾಲ್ ಕೇಳುವವರು ಬಂದರು. ಟ್ಯಾಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆ ಪಶ್ಚಿಮ ಆಫ್ರಿಕಾದ ಬೀದಿಗಳವರೆಗೆ ಹೋಯಿತು. 2025ರ ಫೆಬ್ರವರಿಯಲ್ಲಿ ಅದರ ತಯಾರಿಕೆ, ರಫ್ತಿನ ಅನುಮತಿಯನ್ನು ಸರ್ಕಾರ ಹಿಂದೆ ಪಡೆಯಿತು.

ಇತ್ತ ಅಂಗಡಿಯವರು 'ಎನ್' ಕಂಡರೆ ಇಟ್ಟುಕೊಳ್ಳುವುದನ್ನೇ ಬಿಡುತ್ತಾರೆ. ಸರಿಯಾದ ಚೀಟಿಗೆ ಮಾರುವುದು ತಪ್ಪೇನಲ್ಲ, ಆದರೂ ಭಯ. ಅಮ್ಮನ ಚೀಟಿ ಹಿಡಿದು ನಾನೇ, ಔಷಧದವನೇ, ಊರಲ್ಲಿ ಮೂರು ಅಂಗಡಿ ತಿರುಗಿದೆ. ನಮ್ಮಲ್ಲೂ ಸ್ಟಾಕ್ ಇರಲಿಲ್ಲ. ನಾನೂ ತರಿಸುವುದನ್ನು ಬಿಟ್ಟಿದ್ದೆ.

ರೋಗಿಗಳು ಹೆದರಬೇಕಾಗಿಲ್ಲ. ಸ್ವಂತ ಚಿಕಿತ್ಸೆಗೆ ಒಂದು ಸಲಕ್ಕೆ 100 ಡೋಸ್‌ವರೆಗೆ ಇಟ್ಟುಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ದೀರ್ಘ ಚಿಕಿತ್ಸೆ ಎಂದು ವೈದ್ಯರು ಬರೆದಿದ್ದರೆ 300ರವರೆಗೆ. ಪ್ರಯಾಣ ಮಾಡುವಾಗ ಚೀಟಿ ಜೊತೆಗಿರಲಿ.

ಅಮ್ಮನ ಮಂಡಿ ಈಗ ಚೆನ್ನಾಗಿದೆ. ಈ ಸ್ಟ್ರಿಪ್ಪಿನಲ್ಲಿ ಆರು ಉಳಿದಿವೆ. ಉಳಿದ ಔಷಧವನ್ನು ಸಾಮಾನ್ಯವಾಗಿ ಚರಂಡಿಗೆ ಹಾಕಬಾರದು. ಆದರೆ 2025ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 17 ಔಷಧಗಳ ಪಟ್ಟಿ ಕೊಟ್ಟು, ಇವನ್ನು ಮಾತ್ರ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿ ಎಂದಿದೆ. ಟ್ರಮಡಾಲ್ ಅದರಲ್ಲಿದೆ. ಮನೆಗೆ ಹೋದ ಮೇಲೆ ಮೊದಲು ಆ ಕೆಲಸ.

ಈಗ ನಿಮ್ಮ ಪ್ರಶ್ನೆಗಳು.